ಹೆಸರು ಹಿಡಿದು ಹೇಳುವ ಸ್ತೋತ್ರ: ಮಲೆನಾಡಿನ ಮನೆಗಳಿಗೆ ದಿನನಿತ್ಯದ ಕೃತಜ್ಞತೆಯ ಕ್ರಮ

ಮನೆಪ್ರಾರ್ಥನೆ ಮುಗಿಯುವ ಹೊತ್ತಿಗೆ "ನಿನ್ನ ಎಲ್ಲಾ ಉಪಕಾರಗಳಿಗಾಗಿ ಸ್ತೋತ್ರ ಸ್ವಾಮಿ" ಎಂಬ ಸಾಲು ನಾಲಿಗೆಗೆ ತಾನಾಗಿ ಬರುತ್ತದೆ. ಯಾವ ಉಪಕಾರ ಎಂದು ಪಕ್ಕದಲ್ಲಿ ಕೂತ ಮಗು ಕೇಳಿದರೆ ಮಾತ್ರ ತಡವರಿಸಬೇಕಾಗುತ್ತದೆ. ಸಾಲು ತಪ್ಪಲ್ಲ. ಆದರೆ ವರ್ಷಗಟ್ಟಲೆ ಅದನ್ನೊಂದೇ ಹೇಳುತ್ತಾ ಬಂದರೆ ಒಳಗಿನ ತಿರುಳು ಹೋಗಿ ಸಿಪ್ಪೆ ಉಳಿಯುತ್ತದೆ. ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಪ್ರಧಾನಾಲಯದಲ್ಲಿ ಬಲಿಪೂಜೆಗೆ ಹೋಗುವವರಿಗೂ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಿಗೂ, ಹಳ್ಳಿಯ ಪ್ರಾರ್ಥನಾ ಕೂಟದವರಿಗೂ ಈ ತೊಂದರೆ ಒಂದೇ.

ಇದಕ್ಕೆ ಮದ್ದು ಸತ್ಯವೇದದಲ್ಲೇ ಇದೆ. 103ನೇ ಕೀರ್ತನೆ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಎಂದು ತನ್ನ ಮನಸ್ಸಿಗೆ ಹೇಳಿಕೊಂಡು ಅಲ್ಲಿಗೆ ಬಿಡುವುದಿಲ್ಲ. ಕೂಡಲೇ ಎಣಿಸಲು ಕೂರುತ್ತದೆ. ಕ್ಷಮಿಸಿದ್ದು, ವಾಸಿಮಾಡಿದ್ದು, ಬಿಡಿಸಿದ್ದು, ಕೃಪೆಯ ಕಿರೀಟ ಇಟ್ಟದ್ದು, ತೃಪ್ತಿಪಡಿಸಿದ್ದು, ಒಂದೊಂದಾಗಿ. 136ನೇ ಕೀರ್ತನೆಯ 26 ವಚನಗಳೂ ದೇವರ ಕೃಪೆ ಶಾಶ್ವತ ಎಂಬ ಒಂದೇ ಪಲ್ಲವಿಯಲ್ಲಿ ಮುಗಿಯುತ್ತವೆ. ಆದರೆ ಪಲ್ಲವಿಯ ಮುಂದೆ ನಿಂತಿರುವುದು ಹೆಸರುಗಳು: ಸೂರ್ಯ, ಚಂದ್ರ, ಕೆಂಪು ಸಮುದ್ರ, ಸೋತುಹೋದ ಅರಸರಾದ ಸೀಹೋನ್, ಓಗ್, ಕೊನೆಗೆ ಎಲ್ಲಾ ಜೀವಿಗಳಿಗೆ ಸಿಗುವ ಆಹಾರ. ಹೆಸರು ಹಿಡಿದು ಹೇಳುವುದೇ ಕ್ರಮ. ಮನಸ್ಸು ತುಂಬಿ ಬರಲಿ, ಆಮೇಲೆ ಹೇಳೋಣ ಎಂದು ಕಾಯುವವರಿಗೆ ಆ ದಿನ ಬರುವುದು ಅಪರೂಪ. ಹೇಳಲು ಶುರುಮಾಡಿದರೆ ಮನಸ್ಸು ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ.

ಒಂದು ವಾಕ್ಯ, ಮೂರು ಭಾಗ

ಏನು ಸಿಕ್ಕಿತು, ಯಾರ ಕೈಯಿಂದ ಬಂತು, ಯಾರಿಗೆ ಸ್ತೋತ್ರ. ಇಷ್ಟು ಇದ್ದರೆ ವಾಕ್ಯ ಪೂರ್ತಿ. "ಕರ್ತನೇ, ಮಧ್ಯಾಹ್ನ ಎರಡು ಗಂಟೆ ಹೊತ್ತು ಮಳೆ ಹೊಳವಾಯಿತು, ಅಂಗಳದ ಅಡಿಕೆಗೆ ಬಿಸಿಲು ಬಿತ್ತು, ಮತ್ತೆ ಮೋಡ ಕಟ್ಟಿದಾಗ ರಾಶಿ ಒಳಗೆ ಹಾಕಲು ಪಕ್ಕದ ಮನೆಯ ಹುಡುಗ ಓಡಿಬಂದ. ನಿನಗೆ ಸ್ತೋತ್ರ." ಇದರಲ್ಲಿ ಮೊದಲ ಭಾಗ ಬಿಟ್ಟರೆ ಮಾತು ಗಾಳಿಗೆ ಹೋಗುತ್ತದೆ. ಎರಡನೆಯದನ್ನು ಬಿಟ್ಟರೆ ಓಡಿಬಂದ ಹುಡುಗ ಮರೆತುಹೋಗುತ್ತಾನೆ, ದೇವರು ನೆರೆಯವರ ಮೂಲಕ ಕೊಡುತ್ತಾನೆ ಎಂಬುದೂ ಮರೆತುಹೋಗುತ್ತದೆ. ಮೂರನೆಯದನ್ನು ಬಿಟ್ಟರೆ ಉಳಿಯುವುದು ಬರೀ ಖುಷಿ.

ಖುಷಿಗೂ ಕೃತಜ್ಞತೆಗೂ ಇರುವ ಅಂತರ ಲೂಕ 17ರಲ್ಲಿ ಕಾಣುತ್ತದೆ. ಗುಣವಾದ ಕುಷ್ಠರೋಗಿಗಳು ಹತ್ತು ಮಂದಿ. ಖುಷಿಯಾಗದವನು ಅವರಲ್ಲಿ ಒಬ್ಬನಾದರೂ ಇದ್ದನೇ? ಆದರೂ ಹಿಂದಿರುಗಿ ಬಂದು ಯೇಸುವಿನ ಪಾದಕ್ಕೆ ಬಿದ್ದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವನೆಂದು ದೂರ ಇಡುತ್ತಿದ್ದ ಸಮಾರ್ಯದವನು. ಕೊಟ್ಟವನ ಕಡೆಗೆ ತಿರುಗುವ ಆ ನಾಲ್ಕು ಹೆಜ್ಜೆಯೇ ಈ ವಾಕ್ಯದ ಮೂರನೇ ಭಾಗ.

ಮೊದಲ ಎರಡು ವಾರ ದಿನಕ್ಕೆ ಒಂದೇ ವಾಕ್ಯ ಸಾಕು. ಮೊದಲ ದಿನವೇ ಹತ್ತು ಹೇಳಲು ಹೊರಟವರು ಒಂಬತ್ತನೇ ದಿನಕ್ಕೆ ನಿಲ್ಲಿಸುತ್ತಾರೆ.

ಈ ವಾಕ್ಯಕ್ಕೆ ಒಂದು ಜಾಗ ಗೊತ್ತುಮಾಡಿ. "ಬೆಳಿಗ್ಗೆ ಹೇಳುತ್ತೇನೆ" ಎಂದರೆ ಮರೆಯುತ್ತದೆ. "ಬಚ್ಚಲ ಒಲೆಗೆ ಬೆಂಕಿ ಹಚ್ಚುವಾಗ ಹೇಳುತ್ತೇನೆ" ಎಂದರೆ ನೆನಪಾಗುತ್ತದೆ. ಹಂಡೆ ಒಲೆ ಇಲ್ಲದ ಪೇಟೆ ಮನೆಯಲ್ಲಿ ಗೀಸರ್ ಸ್ವಿಚ್ ಇದೆ, ಹಾಲಿನ ಪ್ಯಾಕೆಟ್ ಕತ್ತರಿಸುವ ಗಳಿಗೆ ಇದೆ. ಹೇಗೂ ತಪ್ಪದ ಒಂದು ಕೆಲಸಕ್ಕೆ ಕಟ್ಟಬೇಕು, ಮೊಬೈಲ್ ಕೈಗೆ ತೆಗೆದುಕೊಳ್ಳುವ ಮೊದಲೇ ಆ ಕೆಲಸ ಬರಬೇಕು. ಒಮ್ಮೆ ವಾಟ್ಸಾಪ್ ತೆರೆದರೆ ಊರಿನ ದೂರುಗಳೆಲ್ಲಾ ಮನಸ್ಸಿನಲ್ಲಿ ಜಾಗ ಹಿಡಿಯುತ್ತವೆ. ಸಾಧ್ಯವಾದಷ್ಟೂ ಬಾಯಿಬಿಟ್ಟೇ ಹೇಳಿ. ಮನಸ್ಸಿನಲ್ಲಿ ಹೇಳಿಕೊಂಡದ್ದು ಅರ್ಧಕ್ಕೇ ನಾಳೆಯ ಚಿಂತೆಯ ಕಡೆ ಜಾರುವುದೇ ಹೆಚ್ಚು.

ತಟ್ಟೆಯ ಮುಂದೆಯೂ, ತಟ್ಟೆ ಖಾಲಿಯಾದ ಮೇಲೂ

ಊಟಕ್ಕೆ ಮುಂಚೆ ಪ್ರಾರ್ಥನೆ ನಮ್ಮ ಮನೆಗಳಲ್ಲಿ ಇದ್ದೇ ಇದೆ. ಆದರೆ ಧರ್ಮೋಪದೇಶಕಾಂಡ 8:10 ಹೇಳುವುದು ಉಂಡು ತೃಪ್ತರಾದ ಮೇಲೆ ಕೊಂಡಾಡುವುದನ್ನು. ಕಾರಣ ಅದೇ ಅಧ್ಯಾಯದಲ್ಲಿ ಸ್ವಲ್ಪ ಕೆಳಗಿದೆ: ಹೊಟ್ಟೆ ತುಂಬಿ, ಒಳ್ಳೆಯ ಮನೆ ಕಟ್ಟಿ, ದನಕರು ಹೆಚ್ಚಿದಾಗಲೇ ಮನುಷ್ಯ ದೇವರನ್ನು ಮರೆಯುವುದು. ಹಸಿವೆಯಲ್ಲಿ ಯಾರಿಗೂ ನೆನಪು ತಪ್ಪುವುದಿಲ್ಲ. ಹಾಗಾಗಿ ಮುಂಚಿನ ಪ್ರಾರ್ಥನೆ ಚಿಕ್ಕದಾಗಿರಲಿ, ಇಪ್ಪತ್ತು ಸೆಕೆಂಡು. ಬಿಸಿ ಕಡುಬಿನ ಮುಂದೆ ಕಣ್ಣುಮುಚ್ಚಿ ಕೂತ ಮಕ್ಕಳ ಮುಂದೆ ಉದ್ದ ಪ್ರಾರ್ಥನೆ ಮಾಡಿ ಕಡುಬು ಆರಿಸಿದರೆ ಅವರು ಕಲಿಯುವುದು ಕೃತಜ್ಞತೆಯನ್ನಲ್ಲ, ಕಾಯುವ ಕಷ್ಟವನ್ನು. ಕೈ ತೊಳೆದು ಬಂದ ಮೇಲೆ ಇನ್ನೊಂದು ನಿಮಿಷ ಕೂಡಿ, ತಟ್ಟೆಯಲ್ಲಿದ್ದ ಒಂದೇ ಒಂದು ಪದಾರ್ಥದ ದಾರಿಯನ್ನು ಹಿಂದಕ್ಕೆ ಹಿಡಿಯಿರಿ.

ಕಡುಬನ್ನೇ ತೆಗೆದುಕೊಳ್ಳೋಣ. ಬೀಸಿದವರು, ಅದಕ್ಕೂ ಮುಂಚೆ ಮಿಲ್ಲಿನವರು, ಅದಕ್ಕೂ ಮುಂಚೆ ಜುಲೈ ಮಳೆಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಮೊಣಕಾಲು ಕೆಸರಿನಲ್ಲಿ ಸಸಿ ನೆಟ್ಟ ಹೆಂಗಸರು, ಅದಕ್ಕೂ ಮುಂಚೆ ಮಳೆ, ಮಳೆಗೂ ಮುಂಚೆ ದೇವರು. ಐದು ಹೆಜ್ಜೆಯಲ್ಲಿ ಮಗು ದೇವರ ತನಕ ಹೋಗಿ ಬರುತ್ತದೆ. ಮರುದಿನ ಅಪ್ಪೆಮಿಡಿಯ ದಾರಿ, ಇನ್ನೊಂದು ದಿನ ಕಳಲೆಯದು. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿಸುವ ವಚನಕ್ಕಿಂತ ಇದು ಮಕ್ಕಳಲ್ಲಿ ಆಳಕ್ಕೆ ಇಳಿಯುತ್ತದೆ ಎಂಬುದು ನಮ್ಮ ಅಭಿಪ್ರಾಯ. ವಚನವೂ ಬೇಕು, ಅದಕ್ಕೆ ಅಂಟಿಕೊಳ್ಳಲು ಒಂದು ತಟ್ಟೆಯೂ ಬೇಕು.

ರಾತ್ರಿಯ ನೋಟ್‌ಬುಕ್

ರೂಢಿಗೆ ಬೆನ್ನೆಲುಬು ಇದು. ಬೇಕಾದದ್ದು 200 ಪುಟದ ಗೆರೆ ನೋಟ್‌ಬುಕ್, ಒಂದು ಬಾಲ್ ಪೆನ್, ಐದರಿಂದ ಏಳು ನಿಮಿಷ. ಮೂರು ವಾರ ಕಳೆದ ಮೇಲೆ ಶುರುಮಾಡಿ, ದಿನಕ್ಕೆ ಮೂರು ಸಾಲಿನಂತೆ. ಎರಡು ದಿನಕ್ಕೆ ಒಂದು ಪುಟ ಎಂದರೂ ಒಂದು ವರ್ಷಕ್ಕೆ ಸಾಕಾಗಿ ಹದಿನೈದಿಪ್ಪತ್ತು ಪುಟ ಮಿಗುತ್ತದೆ.

ಪೆನ್ನಿನ ಮಾತು ಸಣ್ಣದಲ್ಲ. ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಜೂನ್ ಕಳೆದರೆ ಗೋಡೆ, ಬಟ್ಟೆ, ಪುಸ್ತಕ ಎಲ್ಲಕ್ಕೂ ಬೂಷ್ಟು. ಜೆಲ್ ಪೆನ್ನಿನಲ್ಲಿ ಬರೆದದ್ದು ತೇವಕ್ಕೆ ಹರಡಿ ಆಗಸ್ಟ್ ಹೊತ್ತಿಗೆ ನೀಲಿ ಕಲೆ ಮಾತ್ರ ಉಳಿಯುತ್ತದೆ. ಬಾಲ್ ಪೆನ್ನು ಅಥವಾ ಪೆನ್ಸಿಲ್ ಆದರೆ ತಡೆಯುತ್ತದೆ. ನೋಟ್‌ಬುಕ್ಕನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಾಕಿ ಒಲೆ ಮೇಲಿನ ಅಟ್ಟದ ಬದಿ ಇಡಿ. ಕಪಾಟಿನೊಳಗೆ ಗೋಡೆಗೆ ತಾಗಿಸಿ ಇಟ್ಟದ್ದು ಉಳಿಯುವುದಿಲ್ಲ.

ಬರೆಯುವುದು ಅದೇ ಮೂರು ಭಾಗದ ವಾಕ್ಯ. "ಆರೋಗ್ಯಕ್ಕಾಗಿ ಸ್ತೋತ್ರ, ಕುಟುಂಬಕ್ಕಾಗಿ ಸ್ತೋತ್ರ" ಎಂದು ಬರೆದರೆ ನಾಲ್ಕನೇ ದಿನ ಬರೆಯಲು ಏನೂ ಉಳಿಯದು, ಏಕೆಂದರೆ ಆ ಎರಡು ಪದಗಳಲ್ಲೇ ಎಲ್ಲಾ ಮುಗಿದುಹೋಗಿದೆ. "ಅಮ್ಮ ಇವತ್ತು ಮೆಟ್ಟಿಲು ಹಿಡಿಯದೆ ಇಳಿದರು" ಎಂದು ಬರೆದರೆ ನಾಳೆ ಬೇರೆಯದು ಸಿಗುತ್ತದೆ. ಒಂದು ಪುಟ ಹೀಗಿರಬಹುದು:

"ಮಂಗಳವಾರ. ಸ್ವಾಮಿ, ಮೂರು ದಿನದ ಮೇಲೆ ಕರೆಂಟು ಬಂತು. ಲೈನ್‌ಮ್ಯಾನ್ ಮಳೆಯಲ್ಲೇ ಕಂಬ ಹತ್ತಿದ್ದ, ಅವನನ್ನು ಕಾಪಾಡಿದ್ದಕ್ಕೆ ನಿನಗೆ ಸ್ತೋತ್ರ. ಸ್ವಾಮಿ, ತಮ್ಮನ ಮೇಲೆ ಬೆಳಿಗ್ಗೆ ರೇಗಿದೆ. ಸಂಜೆ ಅವನೇ ಚಾ ತಂದುಕೊಟ್ಟ. ನನಗೆ ಸಿಗಬಾರದ ಚಾ ಅದು, ಸಿಕ್ಕಿತು. ಸ್ವಾಮಿ, ಹೊಳೆ ಕಾಲುಸಂಕದ ಮಟ್ಟ ಮುಟ್ಟಲಿಲ್ಲ, ಮಕ್ಕಳು ಸ್ಕೂಲಿನಿಂದ ದಾಟಿಬಂದರು."

ಎರಡನೆಯ ಸಾಲನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ತಪ್ಪೊಪ್ಪಿಗೆಯೂ ಸೇರಿಕೊಂಡಿದೆ. ಸಂತ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲಿ ಕಲಿಸಿದ ಆತ್ಮಪರೀಕ್ಷೆಯಲ್ಲಿ ಐದು ಹೆಜ್ಜೆಗಳಿವೆ. ಪಾಪಗಳನ್ನು ಹುಡುಕುವ ಮೊದಲು ಪಡೆದ ಉಪಕಾರಗಳಿಗೆ ವಂದನೆ ಹೇಳುವುದು ಅದರ ಮೊದಲ ಹೆಜ್ಜೆ. ಈ ಅನುಕ್ರಮ ಬಹಳ ಸರಿಯಾದದ್ದು. ಕೊಟ್ಟವನ ಮುಖ ಮೊದಲು ಕಂಡರೆ ತಪ್ಪು ಒಪ್ಪಿಕೊಳ್ಳಲು ಹೆದರಿಕೆಯಾಗುವುದಿಲ್ಲ. ಇದು ಕಥೋಲಿಕರ ಪದ್ಧತಿ ಎಂದು ಉಳಿದವರು ದೂರ ಇಡಬೇಕಾಗಿಲ್ಲ.

ಒಂದು ದಿನ ತಪ್ಪಿದರೆ ಮರುದಿನ ಆರು ಸಾಲು ಬರೆದು ಸಾಲ ತೀರಿಸಬೇಡಿ. ಆ ಪುಟ ಖಾಲಿ ಬಿಟ್ಟು ಮುಂದೆ ಹೋಗಿ. ಶನಿವಾರ ರಾತ್ರಿ ಹೊಸದಾಗಿ ಬರೆಯದೆ ವಾರದ್ದನ್ನೆಲ್ಲಾ ಓದಿ, ಒಂದು ಸಾಲಿನ ಕೆಳಗೆ ಗೆರೆ ಎಳೆಯಿರಿ. ಭಾನುವಾರ ಆಲಯಕ್ಕೆ ಒಯ್ಯಬೇಕಾದ್ದು ಆ ಸಾಲನ್ನು. ಬಲಿಪೂಜೆಗೆ, ಕರ್ತನ ಭೋಜನಕ್ಕೆ ಇರುವ ಯೂಕರಿಸ್ಟ್ ಎಂಬ ಹೆಸರಿಗೆ ಗ್ರೀಕಿನಲ್ಲಿ ಕೃತಜ್ಞತಾಸ್ತುತಿ ಎಂದೇ ಅರ್ಥ. ಯೇಸು ಸಿಕ್ಕಿಬೀಳುವ ರಾತ್ರಿಯೇ ರೊಟ್ಟಿ ತೆಗೆದುಕೊಂಡು ಸ್ತೋತ್ರಮಾಡಿ ಮುರಿದನು. ಕಾಣಿಕೆ ಎತ್ತುವಾಗ, ಕರ್ತನ ಭೋಜನಕ್ಕೆ ಎದ್ದುನಿಲ್ಲುವಾಗ ಗೆರೆ ಎಳೆದ ಆ ಒಂದು ಸಾಲನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಆರಾಧನೆಯ ಮಾತುಗಳು ಬಾಯಿಪಾಠವಾಗಿ ಉಳಿಯುವುದಿಲ್ಲ.

ಮನೆಮಂದಿಯೊಂದಿಗೆ ಮಾಡುವುದಾದರೆ 136ನೇ ಕೀರ್ತನೆಯ ಧಾಟಿಯೇ ಸುಲಭ. ಒಬ್ಬರು ಆ ದಿನದ ಒಂದು ಸಂಗತಿ ಹೇಳುವುದು, ಉಳಿದವರು ಒಟ್ಟಿಗೆ ಪಲ್ಲವಿ ಹೇಳುವುದು. ಐದು ಜನರ ಮನೆಗೆ ನಾಲ್ಕು ನಿಮಿಷ. ಕರೆಂಟು ಹೋದ ರಾತ್ರಿಗಳು ಇದಕ್ಕೆ ಒಳ್ಳೆಯವು. ಹದಿಹರೆಯದ ಮಗ "ನನಗೇನೂ ಇಲ್ಲ" ಎಂದರೆ ಒತ್ತಾಯ ಬೇಡ. ಪಲ್ಲವಿಗೆ ಮಾತ್ರ ದನಿಗೂಡಿಸಲಿ.

ಕೊಳೆ ಬಿದ್ದ ವರ್ಷ

ಇಲ್ಲಿ ತುಸು ನಿಧಾನಿಸಬೇಕು, ಹೆಚ್ಚು ಜನ ಸೋಲುವುದು ಇಲ್ಲೇ. ಆಷಾಢದ ಮಳೆ ಬಿಡದೆ ಹೊಡೆದು ಅಡಿಕೆ ತೋಟಕ್ಕೆ ಕೊಳೆರೋಗ ಬಿದ್ದು ಹಸಿರು ಕಾಯಿ ಉದುರಿ ಕೊಳೆತು ನಾರುತ್ತಿರುತ್ತದೆ. ಅಥವಾ ಎಲೆಚುಕ್ಕಿ ರೋಗ ಬಂದು ಹೆಡೆಗಳೆಲ್ಲಾ ಕಂದಿವೆ. ಅಥವಾ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಈ ಬೇಸಿಗೆ ನಿಮ್ಮ ಮನೆಗೇ ಬಂದಿದೆ. ಆಗ ಯಾರೋ ಬಂದು "ಎಲ್ಲಾದಕ್ಕೂ ಸ್ತೋತ್ರ ಹೇಳಿ" ಎನ್ನುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ, ಆದರೆ ಮಾತು ಗಾಯಕ್ಕೆ ಉಪ್ಪು.

1 ಥೆಸಲೋನಿಕ 5:18 ಹೇಳುವುದು ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎಂದು. ಕೊಳೆಯ ನಡುವೆ ನಿಂತು ಸ್ತೋತ್ರ ಮಾಡುವುದು ಬೇರೆ, ಕೊಳೆಗಾಗಿ ಸ್ತೋತ್ರ ಮಾಡುವುದು ಬೇರೆ. ಎಫೆಸ 5:20 ಎಲ್ಲಾ ಕಾರ್ಯಗಳಿಗೋಸ್ಕರ ಎನ್ನುತ್ತದಲ್ಲ ಎಂದು ಓದುಗರು ಕೇಳಬಹುದು. ಕೇಡನ್ನು ಒಳ್ಳೆಯದೆಂದು ಕರೆಯಿರಿ ಎಂದು ಅದು ಹೇಳುತ್ತಿಲ್ಲ. ಸತ್ತ ಗೆಳೆಯ ಲಾಜರನ ಸಮಾಧಿಯ ಮುಂದೆ ಯೇಸು ಮೊದಲು ಅತ್ತನು, ಆಮೇಲೆ "ತಂದೆಯೇ" ಎಂದು ಸ್ತೋತ್ರ ಹೇಳಿದನು. ಅಳು ಮೊದಲು, ಸ್ತೋತ್ರ ನಂತರ. ಯೋಹಾನ 11ರಲ್ಲಿ ಎರಡೂ ಇವೆ.

ಹಾಗಾಗಿ ಕಷ್ಟದ ದಿನ ನೋಟ್‌ಬುಕ್ಕಿನ ಕ್ರಮ ಬದಲಾಗಬೇಕು. 13ನೇ ಕೀರ್ತನೆಯಲ್ಲಿ ಆರೇ ವಚನ. ಮೊದಲೆರಡರಲ್ಲಿ "ಎಷ್ಟರ ವರೆಗೆ" ಎಂಬ ದೂರು, ಮಧ್ಯದ ಎರಡರಲ್ಲಿ ಬೇಡಿಕೆ, ಕೊನೆಯೆರಡರಲ್ಲಿ ನಂಬಿಕೆ ಮತ್ತು ಹಾಡು. ಅದೇ ಅಳತೆಯಲ್ಲಿ ಬರೆಯಿರಿ: ಎರಡು ಸಾಲು ದೂರು, ಎರಡು ಸಾಲು ಬೇಡಿಕೆ, ಆಮೇಲೆ ಬಂದರೆ ಒಂದು ಸಾಲು ಸ್ತೋತ್ರ. ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದನ್ನೂ ಸತ್ಯವೇದ ಪ್ರಾರ್ಥನೆ ಎಂದೇ ಇಟ್ಟುಕೊಂಡಿದೆ.

ಹಬಕ್ಕೂಕ 3:17 ಇನ್ನೂ ನೇರ. ಅಂಜೂರ ಚಿಗುರದು, ದ್ರಾಕ್ಷಿ ಇಲ್ಲ, ಎಣ್ಣೆಮರದ ಬೆಳೆ ಕೈಕೊಟ್ಟಿತು, ಹೊಲದಲ್ಲಿ ಆಹಾರವಿಲ್ಲ, ಹಟ್ಟಿಯಲ್ಲಿ ಕುರಿಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ ಎಂದು ಪ್ರವಾದಿ ನಷ್ಟವನ್ನು ಆರು ಬಾರಿ ಹೆಸರು ಹಿಡಿದೇ ಎಣಿಸುತ್ತಾನೆ. ಮುಂದಿನ ವಚನದಲ್ಲಿ, ಆದರೂ ಕರ್ತನಲ್ಲಿ ಉಲ್ಲಾಸಿಸುವೆನು ಎನ್ನುತ್ತಾನೆ. ನಿಮ್ಮ ತೋಟದ ಹೆಸರುಗಳನ್ನು ಆ ಜಾಗದಲ್ಲಿ ಇಟ್ಟು ಬರೆಯಿರಿ: ಅಡಿಕೆ ಉದುರಿದೆ, ಮೆಣಸಿನ ಬಳ್ಳಿ ಸೊರಗಿದೆ, ಗದ್ದೆ ಕಾಡುಹಂದಿಯ ಪಾಲಾಗಿದೆ, ಸೊಸೈಟಿ ಸಾಲದ ಕಂತು ಬಾಕಿ ಇದೆ. "ಆದರೂ" ಎಂಬ ಪದ ಅದೇ ದಿನ ಬರೆಯಲಾಗದಿದ್ದರೆ ಒಂದು ಸಾಲಿನ ಜಾಗ ಬಿಟ್ಟಿಡಿ. ವಾರದ ಮೇಲೋ ತಿಂಗಳ ಮೇಲೋ ಅದು ತುಂಬುತ್ತದೆ.

ಕಷ್ಟ ಬಂದ ಮೇಲೆ ಈ ರೂಢಿ ಶುರುಮಾಡುವುದು ಬಹಳ ಕಷ್ಟ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಕೊಳೆ ತಡೆಯುವ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಅಡಿಕೆ ಕೊನೆಗಳಿಗೆ (ಗೊನೆಗಳಿಗೆ) ಹೊಡೆಯುವುದು ಅಡಿಕೆ ಬೆಳೆಗಾರರಿಗೆಲ್ಲಾ ಗೊತ್ತು. ಕಾಯಿ ಕೊಳೆಯಲು ಹಿಡಿದ ಮೇಲೆ ದೋಟಿ ಎತ್ತಿದರೆ ಉಳಿಯುವುದು ಅಲ್ಪಸ್ವಲ್ಪ.

ಹಾಗೆಯೇ, ಜ್ವರ ಬಂದವರಿಗೆ ಸ್ತೋತ್ರ ಹೇಳಿಸುವುದಕ್ಕಿಂತ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತ ಪರೀಕ್ಷೆ ಮಾಡಿದವರು, ರಾತ್ರಿ ಡ್ರಿಪ್ ನೋಡಿಕೊಂಡ ನರ್ಸ್, ಇವರೆಲ್ಲಾ ವಾಕ್ಯದ ಎರಡನೇ ಭಾಗಕ್ಕೆ ಸೇರುವವರು.

ಕೆಡುವುದು ಎಲ್ಲೆಲ್ಲಿ

ಮೊದಲನೆಯದು ಹೋಲಿಕೆ. "ಅವರ ಮನೆಯಂತೆ ನಮಗೆ ಆಗಲಿಲ್ಲ, ದೇವರಿಗೆ ಸ್ತೋತ್ರ" ಎಂಬ ಮಾತು ಭಕ್ತಿಯಂತೆಯೇ ಕೇಳಿಸುತ್ತದೆ. ಲೂಕ 18ರಲ್ಲಿ ಬರುವ, ನೇಮನಿಷ್ಠೆಯ ಪಂಥದವನಾದ ಫರಿಸಾಯನ ಪ್ರಾರ್ಥನೆಯೂ ಸ್ತೋತ್ರದಿಂದಲೇ ಶುರುವಾಗುತ್ತದೆ, ತಾನು ಉಳಿದವರಂತೆ ಅಲ್ಲ ಎಂಬುದಕ್ಕೆ. ಬರೆದ ಸಾಲಿನಲ್ಲಿ ಇನ್ನೊಬ್ಬರ ನಷ್ಟ ನುಸುಳಿದ್ದರೆ ಅದನ್ನು ಹೊಡೆದುಹಾಕಿ ಅವರಿಗಾಗಿ ಒಂದು ಬೇಡಿಕೆ ಬರೆಯಿರಿ.

ಎರಡನೆಯದು ನಮ್ಮ ಭಾಷೆಯೊಳಗೇ ಕೂತಿದೆ: ಋಣ. ಉಪಕಾರ ಪಡೆದರೆ ಋಣ ತೀರಿಸಬೇಕು ಎಂಬುದು ನಮ್ಮ ರಕ್ತದಲ್ಲಿದೆ, ಮನುಷ್ಯರ ನಡುವೆ ಅದು ದೊಡ್ಡ ಗುಣವೂ ಹೌದು. ದೇವರ ಕಡೆಗೂ ಅದನ್ನೇ ತಿರುಗಿಸಿದರೆ ಸ್ತೋತ್ರ ಕಾಣಿಕೆ ಸಾಲದ ಕಂತಾಗುತ್ತದೆ. ಮಗಳ ಮದುವೆ ನೆರವೇರಿದ್ದಕ್ಕೆ ಇಷ್ಟು, ಕೇಸು ಗೆದ್ದದ್ದಕ್ಕೆ ಇಷ್ಟು ಎಂದು ಲೆಕ್ಕ ಶುರುವಾಗುತ್ತದೆ. ಕೊಡಲು ಕೈಯಲ್ಲಿ ಇಲ್ಲದ ವರ್ಷ ಆಲಯಕ್ಕೆ ಬರಲೇ ನಾಚಿಕೆಯಾಗುತ್ತದೆ. ಕೃಪೆಗೆ ಬೆಲೆಯಿಲ್ಲ, ಅದು ತೀರುವ ಋಣವಲ್ಲ. ಕಾಣಿಕೆ ಕೊಡುವುದು ಕೊಟ್ಟವನನ್ನು ಕಂಡೆ ಎಂದು ಹೇಳಲಿಕ್ಕೆ. ಕವರಿನ ಮೇಲೆ ಮೊತ್ತದ ಬದಲು ಕಾರಣವನ್ನು ಬರೆದು ಹಾಕುವುದು ಇದಕ್ಕೆ ಒಳ್ಳೆಯ ಅಭ್ಯಾಸ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಅಡಿಕೆ ಸುಲಿಯುವ ಕಾಲ ಬಂದಿದೆ. ದೀಪದ ಬೆಳಕಿನಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿ ಹತ್ತರ ತನಕ ಸುಲಿದವರ ಕೂಲಿ ಮೂರು ವಾರದಿಂದ ಬಾಕಿ. ಯಜಮಾನರು ಮಾತ್ರ ಬೆಳೆಗಾಗಿ ಕೃತಜ್ಞತಾ ಕೂಟ ಇಟ್ಟು ಐವತ್ತು ಜನಕ್ಕೆ ಊಟ ಹಾಕುತ್ತಾರೆ. ಯಾಕೋಬ 5:4ರಲ್ಲಿ ತಡೆಹಿಡಿದ ಕೂಲಿ ತಾನೇ ಕೂಗಿಕೊಳ್ಳುತ್ತದೆ. ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎನ್ನುತ್ತದೆ ವಚನ. ಕೂಲಿ ಬೆಳಗಿನ ತನಕ ನಿಮ್ಮ ಬಳಿ ಇರಬಾರದು ಎಂದು ಯಾಜಕಕಾಂಡ 19:13. ಆದ್ದರಿಂದ ಅನುಕ್ರಮ ಹೀಗಿರಲಿ: ಮೊದಲು ಕೊನೆ ತೆಗೆದವರ, ಸುಲಿದವರ ಕೂಲಿ ಚುಕ್ತಾ, ಆಮೇಲೆ ಸ್ತೋತ್ರ ಕಾಣಿಕೆ, ಕೂಟ ಊಟ ಎಲ್ಲಾ ಅದರ ನಂತರ. ಕೂಟಕ್ಕೆ ಆ ಕೆಲಸದವರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ.

ಯಾಜಕಕಾಂಡ 7:15ರಲ್ಲಿ ಇನ್ನೊಂದು ನಿಯಮವಿದೆ: ಕೃತಜ್ಞತಾಯಜ್ಞದ ಮಾಂಸವನ್ನು ಅದೇ ದಿನ ಉಣ್ಣಬೇಕು, ಬೆಳಗಿಗೆ ಉಳಿಸಬಾರದು. ಒಂದು ಪಶುವಿನ ಮಾಂಸ ಒಂದು ಮನೆಯವರಿಂದ ಒಂದೇ ದಿನಕ್ಕೆ ಮುಗಿಯುವುದೇ? ನೆರೆಹೊರೆಯನ್ನು ಕರೆಯದೆ ದಾರಿಯಿಲ್ಲ. ಹಲಸಿನ ಹಣ್ಣು ಕೊಯ್ದ ದಿನ, ಜೇನು ಇಳಿಸಿದ ದಿನ ಸ್ತೋತ್ರ ಹೇಳಿ ಅದೇ ದಿನ ಎರಡು ಮನೆಗೆ ಕೊಟ್ಟುಕಳಿಸಿದರೆ ಆ ನಿಯಮದ ಒಳಾರ್ಥ ನಡೆದಂತೆ.

ಮೊದಲ ಬುಟ್ಟಿ

ಭೂಮಿ ಹುಣ್ಣಿಮೆಯ ಹೊತ್ತಿಗೆ ನಮ್ಮ ನೆರೆಯ ದೀವರು ಸಮುದಾಯದ ಮನೆಗಳಲ್ಲಿ ಬುಟ್ಟಿಗೆ ಚಿತ್ತಾರ ಬರೆದು ಗದ್ದೆಗೆ ಒಯ್ಯುವುದನ್ನು ಕಂಡಿದ್ದೇವೆ. ಧರ್ಮೋಪದೇಶಕಾಂಡ 26ರಲ್ಲೂ ಒಂದು ಬುಟ್ಟಿಯಿದೆ. ರೈತ ಪ್ರಥಮಫಲವನ್ನು ಅದರಲ್ಲಿಟ್ಟು ಯಾಜಕನ ಮುಂದೆ ಬಂದು, ಅಲೆಮಾರಿಯಾಗಿದ್ದ ಮೂಲಪಿತೃವಿನಿಂದ ಹಿಡಿದು ತಾನು ನಿಂತ ನೆಲದ ತನಕ ಬಾಯಿಬಿಟ್ಟು ಹೇಳಬೇಕು. ಕರಾವಳಿಯಿಂದ ಬಂದ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮಾತೆ ಮರಿಯಳ ಜನ್ಮದಿನ) ಹೊಸ ತೆನೆ ಆಶೀರ್ವದಿಸಿ ಮನೆಗೆ ತರುತ್ತಾರೆ. ಘಟ್ಟದ ಮೇಲೆ ನಾಟಿ ತಡ, ಆ ಹೊತ್ತಿಗೆ ತೆನೆ ಕಾಣುವುದು ಕಡಿಮೆ. ಆದ್ದರಿಂದ ಹಬ್ಬ ಆಚರಿಸಿದ ಮೇಲೂ ನಿಮ್ಮ ಗದ್ದೆಯ, ನಿಮ್ಮ ತೋಟದ ಮೊದಲ ಫಲಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

ಮೊದಲನೆಯದನ್ನು ಆರಿಸುವುದು ಕೊಯ್ಲಿಗೆ ಮುಂಚೆಯೇ ಆಗಬೇಕು. ಒಂದು ಅಡಿಕೆ ಮರಕ್ಕೆ, ಒಂದು ಮೆಣಸಿನ ಬಳ್ಳಿಗೆ, ಗದ್ದೆಯ ಒಂದು ಮೂಲೆಗೆ ದಾರ ಕಟ್ಟಿಡಿ. ಎಲ್ಲಾ ಕೊಯ್ದು ರಾಶಿ ಹಾಕಿ ವಿಂಗಡಿಸಿದ ಮೇಲೆ ತೆಗೆಯಲು ಹೋದರೆ ಕೈ ತಾನಾಗಿ ಕಡಿಮೆ ದರ್ಜೆಯ ಗೊರಬಲಿನ ಕಡೆ ಹೋಗುತ್ತದೆ, ಒಳ್ಳೆಯ ದರ್ಜೆಯ ರಾಶಿ ಇಡಿ ಅಡಿಕೆ ಮಂಡಿಗೆ ಹೋಗುತ್ತದೆ. ಸಂಬಳದವರು ಹೊಸ ಕೆಲಸದ ಅಥವಾ ಬಡ್ತಿಯ ಮೊದಲ ಒಂದು ದಿನದ ಸಂಬಳ ತೆಗೆದಿಡಬಹುದು. ತಿಂಗಳ ಮೊತ್ತವನ್ನು ಮೂವತ್ತರಿಂದ ಭಾಗಿಸಿದರೆ ಆಯಿತು. ಸುಗ್ಗಿ ಆರಾಧನೆಯಲ್ಲಿ ಹರಾಜಿಗೆ ಇಡುವ ಬಾಳೆಗೊನೆ ಎಷ್ಟಕ್ಕೆ ಹೋಯಿತು ಎಂಬ ಮಾತೇ ದೊಡ್ಡದಾಗದಂತೆ ಸಭೆಯ ಹಿರಿಯರು ನೋಡಿಕೊಳ್ಳಬೇಕು. ಹರಾಜು ಕೂಗುವ ಮೊದಲು ತಂದವರು ಒಂದು ವಾಕ್ಯ ಹೇಳಲಿ, ಅದೇ ಮೂರು ಭಾಗದ್ದು.

ಡಿಸೆಂಬರ್ 31ರ ರಾತ್ರಿ ಆರಾಧನೆಗೆ ಹೊರಡುವ ಮೊದಲು ಅರ್ಧ ಗಂಟೆ ಬಿಡುವು ಮಾಡಿ ತಗಡಿನ ಡಬ್ಬಿ ಇಳಿಸಿ. ಗೆರೆ ಎಳೆದ ಐವತ್ತು ಚಿಲ್ಲರೆ ಸಾಲುಗಳಲ್ಲಿ ತಿಂಗಳಿಗೊಂದರಂತೆ ಹನ್ನೆರಡನ್ನು ಆರಿಸಿ. "ಆದರೂ" ಎಂದು ಜಾಗ ಬಿಟ್ಟಿದ್ದ ಪುಟಗಳನ್ನು ಹುಡುಕಿ. ಕೆಲವು ಇನ್ನೂ ಖಾಲಿ ಇರುತ್ತವೆ, ಅವನ್ನು ಖಾಲಿಯಾಗಿಯೇ ಬಿಡಿ. ಹನ್ನೆರಡು ಸಾಲುಗಳನ್ನು ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಕಲು ಮಾಡಿ, ಹಳೆಯದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದೇ ಅಟ್ಟದ ಮೇಲೆ, ಒಲೆಯ ಬಿಸಿ ತಾಗುವ ಕಡೆ ಇಡಿ.